ಕಾಣೆಯಾದ ಮುಖಪುಟವೂ ಒಂದು ಮೆಮೊವೂ

ಕಳೆದ ಸಲ ನಮ್ಮ ಹಳೆಯ ಶಾಲಾ ಕಟ್ಟಡದ ಕುರಿತು ಬರೆಯುತ್ತ, ಮುಂದಿನ ಬರಹದಲ್ಲಿ ಅಲ್ಲಿನ ಗ್ರಂಥಾಲಯದ ಕಥೆಯನ್ನು ಹೇಳುವುದಾಗಿ ಮಾತು ಕೊಟ್ಟಿದ್ದೆ. ಆ ಮಾತನ್ನು ಸದ್ಯಕ್ಕೆ ಮುರಿಯುತ್ತಿದ್ದೇನೆ; ಓದುಗರು ಮನ್ನಿಸಬೇಕು. ಮನಸ್ಸಿನಲ್ಲಿ ಮುಳ್ಳೊಂದು ಮುರಿದುಕೊಂಡಿರುವಾಗ ಹಳೆಯ ನೆನಪುಗಳನ್ನು ಚಪ್ಪರಿಸುತ್ತ ಕೂರುವುದು ನನ್ನಿಂದ ಆಗದ ಕೆಲಸ. ಇದು ಜಗಳದ ಬರಹ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಕಛೇರಿಗಳಲ್ಲಿ ಹತ್ತಿಪ್ಪತ್ತು ಜನರ ಮೇಲಧಿಕಾರಿಗಳಾಗಿದ್ದೀರಿ. ಜಗಳ ನಿಮ್ಮೊಡನೆಯೂ ಇರಬಹುದು.

ನಿವೃತ್ತಿಯ ನಂತರ ನಾನು ವಾರಕ್ಕೆರಡು ದಿನ, ಬುಧವಾರ ಮತ್ತು ಶನಿವಾರ, ಒಂದು ವಿದ್ಯಾಸಂಸ್ಥೆಯ ಕಛೇರಿಗೆ ಗೌರವ ಸಲಹೆಗಾರನಾಗಿ ಹೋಗಿಬರುವುದು ನಿಮಗೆ ತಿಳಿದೇ ಇದೆ. ಸಂಸ್ಥೆಯ ಹೆಸರು ಬೇಡ. ಮೂರು ಪ್ರೌಢಶಾಲೆಗಳು, ಒಂದು ಪದವಿಪೂರ್ವ ಕಾಲೇಜು, ಎಲ್ಲಕ್ಕೂ ಒಂದೇ ಕಛೇರಿ. ಹೊರಗಿನವರಿಗೆ ಕಾಣದ, ಆವರಣದೊಳಗಿನ ಕಂಪ್ಯೂಟರುಗಳಲ್ಲಿ ಮಾತ್ರ ತೆರೆದುಕೊಳ್ಳುವ ಜಾಲತಾಣವೊಂದು ಅಲ್ಲಿದೆ, ಇಂಟ್ರಾನೆಟ್ ಎನ್ನುತ್ತಾರೆ. ಸುತ್ತೋಲೆಗಳು, ರಜೆಯ ಅರ್ಜಿ, ಪರೀಕ್ಷಾ ವೇಳಾಪಟ್ಟಿ, ಸಂಬಳದ ಚೀಟಿ ಎಲ್ಲವೂ ಅದರಲ್ಲೇ. ಅದನ್ನು ನೋಡಿಕೊಳ್ಳುವವಳು ಗುತ್ತಿಗೆಯ ಮೇಲೆ ನೇಮಕಗೊಂಡ ಒಬ್ಬ ಹೆಣ್ಣುಮಗಳು. ಪ್ರತಿ ಮಾರ್ಚ್‌ನಲ್ಲಿ ನವೀಕರಣವಾದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂಥ ಕೆಲಸ.

2025ರ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅಧ್ಯಾಪಕರು ಆ ತಾಣವನ್ನು ತೆರೆದರೆ ಮುಖಪುಟವೇ ಇಲ್ಲ. ಬಿಳಿಯ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ‘ಫರ್ಬಿಡನ್’ ಎಂಬ ಮಾತು, ಅದರ ಕೆಳಗೆ ಇದನ್ನು ನೋಡಲು ನಿಮಗೆ ಅನುಮತಿಯಿಲ್ಲ ಎಂಬ ಅರ್ಥದ ಒಂದು ಸಾಲು. ಕಾರ್ಯದರ್ಶಿಗಳು ಆ ಮಾತನ್ನು ಓದಿದರು. ನಿಷಿದ್ಧ! ಯಾರೋ ಏನೋ ಮಾಡಿದ್ದಾರೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಶನಿವಾರ ಮುಖಪುಟದಲ್ಲಿ ಹೊಸ ಪ್ರಕಟಣೆ ಸೇರಿಸಿದವಳು ಯಾರು? ಆ ಹುಡುಗಿ. ಮಂಗಳವಾರ ಸಂಜೆಯ ಹೊತ್ತಿಗೆ ಅವಳ ಕೈಗೆ ಮೆಮೊ ಬಂದಿತ್ತು: ಸಂಸ್ಥೆಯ ಮುಖಪುಟವನ್ನು ಅಳಿಸಿಹಾಕಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ಮೂರು ದಿನಗಳೊಳಗೆ ತಿಳಿಸತಕ್ಕದ್ದು. ಅಳಿಸಿದ್ದೀರಾ ಎಂಬ ಪ್ರಶ್ನೆಯೇ ಅದರಲ್ಲಿರಲಿಲ್ಲ.

ಬುಧವಾರ ನಾನು ಹೋದಾಗ ಅವಳು ಉತ್ತರ ಬರೆದಿಟ್ಟುಕೊಂಡಿದ್ದಳು. ಓದಿ ತಿದ್ದಿಕೊಡಿ ಸಾರ್ ಎಂದು ಕೈಗಿತ್ತಳು. ವ್ಯಾಕರಣ ತಿದ್ದುವ ಅಭ್ಯಾಸದಿಂದ ಪೆನ್ನು ತೆಗೆದವನು ಎರಡನೆಯ ವಾಕ್ಯಕ್ಕೇ ನಿಂತೆ. ನನಗೆ ಅರಿವಿಲ್ಲದಂತೆ ಏನಾದರೂ ಒತ್ತಿದ್ದರೆ ದಯವಿಟ್ಟು ಕ್ಷಮಿಸಬೇಕು, ಹೋದ ಪುಟವನ್ನು ಮತ್ತೆ ರಾತ್ರಿ ಕೂತಾದರೂ ಮಾಡಿಕೊಡುತ್ತೇನೆ ಎಂದು ಬರೆದಿದ್ದಳು. ಮಾಡದ ತಪ್ಪನ್ನು ಒಪ್ಪಿಕೊಂಡು ಕೆಲಸ ಉಳಿಸಿಕೊಳ್ಳುವ ಲೆಕ್ಕಾಚಾರವೂ ಅದರಲ್ಲಿರಲಿಲ್ಲ. ತಾನೇ ಮಾಡಿರಬಹುದೆಂದು ಆಕೆ ನಂಬಿಬಿಟ್ಟಿದ್ದಳು. ನನಗೆ ಸಿಟ್ಟು ಬಂದದ್ದು ಅಲ್ಲಿ.

“ಇದನ್ನು ಕೊಡಬೇಡಮ್ಮ, ಸಂಜೆಯವರೆಗೆ ತಡೆ” ಎಂದೆ.

ಕಂಪ್ಯೂಟರಿನ ವಿಷಯದಲ್ಲಿ ನಾನು ಪಂಡಿತನಲ್ಲ. ಸಮಾಜ ವಿಜ್ಞಾನದ ಮೇಷ್ಟ್ರು ನಾನು; ನಲವತ್ತೈದು ದಾಟಿದ ಮೇಲೆ ಮೌಸ್ ಹಿಡಿದವನು. ಬೆಂಗಳೂರಿನಲ್ಲಿ ಸರ್ವರುಗಳ ಕೆಲಸವನ್ನೇ ಮಾಡುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. ಅವನು ಕೇಳಿದ ಮೊದಲ ಪ್ರಶ್ನೆಯನ್ನು ಇಲ್ಲಿ ದಾಖಲಿಸಲೇಬೇಕು. “ಸಾರ್, ಎಲ್ಲರಿಗೂ ಹೀಗೇ ಕಾಣುತ್ತಿದೆಯೋ, ಒಬ್ಬರಿಗೆ ಮಾತ್ರವೋ?” ಎಲ್ಲರಿಗೂ ಎಂದೆ. ಬ್ರೌಸರು ತನ್ನಲ್ಲಿ ಕೂಡಿಟ್ಟುಕೊಂಡ ಹಳೆಯ ಪ್ರತಿಯ ದೋಷವಿರಬಹುದೆಂದು ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿಸಿದ. ಬದಲಾಗಲಿಲ್ಲ. ಆಮೇಲೆ ಎರಡನೆಯ ಪ್ರಶ್ನೆ: “ಶುಕ್ರವಾರಕ್ಕೂ ಸೋಮವಾರಕ್ಕೂ ನಡುವೆ ಏನು ಬದಲಾಯಿತು?” ಗಮನಿಸಿ, ಯಾರು ಬದಲಾಯಿಸಿದರು ಎಂದು ಅವನು ಕೇಳಲಿಲ್ಲ. ಮೂರು ದಿನ ಇಡೀ ಕಛೇರಿಯಲ್ಲಿ ಒಬ್ಬರ ಬಾಯಿಂದಲೂ ಹೊರಡದ ಪ್ರಶ್ನೆ ಅದು.

ಬದಲಾದದ್ದು ಇತ್ತು, ಸಣ್ಣದಲ್ಲ. ಅದುವರೆಗೆ ತಾಣವಿದ್ದದ್ದು ವಿಂಡೋಸ್ ಸರ್ವರ್ 2008ರ ಹಳೆಯ ಯಂತ್ರದಲ್ಲಿ. ಆ ತಂತ್ರಾಂಶಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೇ ಮುಗಿದಿತ್ತು. ಐದು ವರ್ಷ ತಡವಾಗಿಯಾದರೂ ಆಡಳಿತ ಮಂಡಳಿ ಎಚ್ಚೆತ್ತು ಹೊಸ ಯಂತ್ರ ಕೊಂಡಿತ್ತು. ಹೊರಗಿನ ಗುತ್ತಿಗೆದಾರರ ಕಡೆಯ ಹುಡುಗ ಭಾನುವಾರ ಬಂದು ಲಿನಕ್ಸ್ ಇರುವ ಆ ಹೊಸ ಯಂತ್ರಕ್ಕೆ ಎಲ್ಲವನ್ನೂ ನಕಲು ಮಾಡಿ ಹೋಗಿದ್ದ. ಇದು ಕಾರ್ಯದರ್ಶಿಗಳಿಗೆ ಗೊತ್ತಿತ್ತು. ಅವರೇ ಬೀಗ ತೆಗೆಸಿದ್ದರು. ತಾಣವನ್ನು ನೋಡಿಕೊಳ್ಳುವ ಹುಡುಗಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಸೋಮವಾರವೇ ಗುತ್ತಿಗೆದಾರರನ್ನು ಕೇಳಿದ್ದಾಗಿತ್ತಂತೆ. ಎಲ್ಲ ಫೈಲುಗಳನ್ನೂ ಸಾಗಿಸಿದ್ದೇವೆ, ಲೆಕ್ಕ ಸರಿಯಾಗಿದೆ, ನಿಮ್ಮವರೇ ಏನೋ ಮಾಡಿರಬೇಕು ಎಂದು ಉತ್ತರ ಬಂದಿತ್ತು. ಮೊದಲ ಎರಡು ಮಾತು ನಿಜ. ಮೂರನೆಯದು ಬರೀ ಊಹೆ. ಆದರೆ ಇಂಗ್ಲಿಷಿನಲ್ಲಿ ಆಡಿದ ಊಹೆಗೆ ನಮ್ಮಲ್ಲಿ ತಜ್ಞರ ವರದಿಯ ಬೆಲೆ.

ಈಗ ಆ ‘ಫರ್ಬಿಡನ್’ ವಿಷಯ. ಅದರೊಡನೆ ಬರುವ ಸಂಖ್ಯೆ 403. ನಾವು ಬ್ರೌಸರಿನಲ್ಲಿ ತಾಣದ ಹೆಸರನ್ನಷ್ಟೇ ಬರೆದಾಗ ಯಾವ ಪುಟ ಬೇಕೆಂದು ಹೇಳಿರುವುದಿಲ್ಲ. ಆಗ ಸರ್ವರು ತನಗೆ ಮೊದಲೇ ಕಲಿಸಿಟ್ಟ ಕೆಲವು ಹೆಸರುಗಳ ಪಟ್ಟಿಯನ್ನು ಹಿಡಿದು, ಆ ಹೆಸರಿನ ಫೈಲು ಇದೆಯೇ ಎಂದು ಹುಡುಕುತ್ತದೆ. ಇದ್ದರೆ ಅದನ್ನೇ ಮುಖಪುಟವೆಂದು ಕೊಡುತ್ತದೆ. ಹಳೆಯ ಯಂತ್ರದಲ್ಲಿದ್ದ ಐಐಎಸ್ ಎಂಬ ತಂತ್ರಾಂಶದ ಪಟ್ಟಿಯಲ್ಲಿ ಮೊದಲ ಹೆಸರೇ ‘ಡಿಫಾಲ್ಟ್ ಡಾಟ್ ಎಚ್‌ಟಿಎಂ’. ನಮ್ಮ ಮುಖಪುಟದ ಹೆಸರೂ ಅದೇ. ಹೊಸ ಯಂತ್ರದ ತಂತ್ರಾಂಶ ಅಪಾಚೆ. ಅದು ಹುಟ್ಟುಗುಣದಿಂದ ಹುಡುಕುವುದು ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂಬ ಹೆಸರನ್ನು. ಬೇರೆ ಹೆಸರಿದ್ದರೆ ಡೈರೆಕ್ಟರಿ‌ಇಂಡೆಕ್ಸ್ ಎಂಬ ಸಾಲಿನಲ್ಲಿ ಬರೆದು ತಿಳಿಸಬೇಕು. ಬರೆದಿರಲಿಲ್ಲ. ಹೆಸರು ಸಿಗದಿದ್ದಾಗ ಒಳಗಿರುವ ಫೈಲುಗಳ ಪಟ್ಟಿಯನ್ನೇ ಬಿಚ್ಚಿ ತೋರಿಸುವುದೂ ಉಂಟು. ಭದ್ರತೆಯ ದೃಷ್ಟಿಯಿಂದ ಅದನ್ನು ಮುಚ್ಚಿದ್ದರು, ಸರಿಯಾಗಿಯೇ ಮುಚ್ಚಿದ್ದರು. ಕೊಡಲು ಪುಟ ಸಿಗಲಿಲ್ಲ, ಪಟ್ಟಿ ತೋರಿಸಲು ಅಪ್ಪಣೆಯಿಲ್ಲ. ಆದ್ದರಿಂದ ನಿಷಿದ್ಧ. ಪುಟವನ್ನು ನಿಜವಾಗಿ ಅಳಿಸಿದ್ದರೂ ಇದೇ ಉತ್ತರ ಬರುತ್ತಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಅಂದರೆ ಆ ಬಿಳಿಯ ಹಾಳೆಯಿಂದ ಅಪರಾಧವೂ ಸಿದ್ಧವಾಗುವುದಿಲ್ಲ, ನಿರಪರಾಧವೂ ಸಿದ್ಧವಾಗುವುದಿಲ್ಲ. ಮುಂದಿನ ಹೆಜ್ಜೆ ಇಡಬೇಕು.

ಮುಂದಿನ ಹೆಜ್ಜೆಗೆ ಅರ್ಧ ನಿಮಿಷ ಸಾಕಾಯಿತು. ಪುಟದ ಪೂರ್ತಿ ಹೆಸರನ್ನು ವಿಳಾಸದ ಕೊನೆಗೆ ಸೇರಿಸಿ ಬರೆಯಿರಿ ಸಾರ್, ಮೊದಲಕ್ಷರ ದೊಡ್ಡದು ಎಂದ. ಬರೆದೆ. ಮುಖಪುಟ ಬಂದು ನಿಂತಿತು. ಶನಿವಾರ ಅವಳು ಸೇರಿಸಿದ್ದ ಪ್ರಕಟಣೆಯೂ ಇತ್ತು. ನನ್ನ ಹಿಂದೆ ನಿಂತಿದ್ದ ಹುಡುಗಿ ಏನೂ ಮಾತನಾಡಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

ಮೊದಲಕ್ಷರ ದೊಡ್ಡದು ಎಂದನಲ್ಲ, ಅದರಲ್ಲೂ ಒಂದು ಸುಳಿವಿತ್ತು. ವಿಂಡೋಸಿನಲ್ಲಿ ಫೈಲಿನ ಹೆಸರಿನ ಇಂಗ್ಲಿಷ್ ಅಕ್ಷರ ದೊಡ್ಡದಿರಲಿ ಚಿಕ್ಕದಿರಲಿ, ಎರಡೂ ಒಂದೇ. ಲಿನಕ್ಸಿಗೆ ಅವು ಬೇರೆ ಬೇರೆ ಹೆಸರುಗಳು. ಮುಖಪುಟದ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದರೆ ಹದಿನಾಲ್ಕು ಕೊಂಡಿಗಳು ಎಲ್ಲಿಗೂ ಹೋಗಲಿಲ್ಲ. ಇವು ಮಾತ್ರ 404, ಅಂದರೆ ಆ ಹೆಸರಿನದು ಇಲ್ಲಿಲ್ಲ ಎಂದವು. ಕೊಂಡಿಯಲ್ಲಿ ಚಿಕ್ಕಕ್ಷರ, ಫೈಲಿನಲ್ಲಿ ದೊಡ್ಡಕ್ಷರ. ಒಬ್ಬ ಹುಡುಗಿಯ ಬೆರಳು ತಪ್ಪಿ ಹದಿನಾಲ್ಕು ಕಡೆ ಒಂದೇ ಬಗೆಯ ದೋಷ ಹುಟ್ಟುವುದು ಸಾಧ್ಯವೇ? ಯಂತ್ರ ಬದಲಾಗಿದೆ ಎಂದು ಆ ಹದಿನಾಲ್ಕು ಕೊಂಡಿಗಳೂ ಕೂಗಿ ಹೇಳುತ್ತಿದ್ದವು. ಯಾರೂ ಒತ್ತಿಯೇ ನೋಡಿರಲಿಲ್ಲ.

ಇಷ್ಟಾದರೂ ಕಾರ್ಯದರ್ಶಿಗಳ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಹಳೆಯ ಸರ್ವರಿನ ದಿನಚರಿಯ, ಅಂದರೆ ಲಾಗಿನ, ಕೊನೆಯ ಸಾಲುಗಳನ್ನು ತರಿಸಿ ಮೆಮೊದ ಹಿಂದೆ ಲಗತ್ತಿಸಿದ್ದರು. ಯಾವ ಕಂಪ್ಯೂಟರು ಯಾವ ಗಳಿಗೆಯಲ್ಲಿ ಯಾವ ಪುಟ ಕೇಳಿತು, ಸಿಕ್ಕಿತೋ ಇಲ್ಲವೋ ಎಂಬುದೆಲ್ಲ ಅದರಲ್ಲಿರುತ್ತದೆ. ಶನಿವಾರ ಮುಖಪುಟ ಕೊನೆಯ ಸಲ ಸರಿಯಾಗಿ ಸಿಕ್ಕಿದ್ದು 8 ಗಂಟೆ 50 ನಿಮಿಷಕ್ಕೆ ಎಂದಿತ್ತು. ಹುಡುಗಿ ಕಛೇರಿಗೆ ಬಂದದ್ದು ಒಂಬತ್ತೂವರೆಗೆ. ಅವಳು ಬರುವ ಮುನ್ನ ಪುಟವಿತ್ತು, ಬಂದ ಮೇಲೆ ಯಾರಿಗೂ ಸಿಕ್ಕಿಲ್ಲ, ಇದಕ್ಕೇನು ಹೇಳುತ್ತೀರಿ ಮೇಷ್ಟ್ರೆ ಎಂದರು. ನನಗೂ ಒಂದು ಕ್ಷಣ ಎದೆ ಧಸಕ್ಕೆಂದಿತು. ಮತ್ತೆ ಫೋನು.

“ಸಾರ್, ಆ ಗಂಟೆಗೆ ಐದೂವರೆ ಕೂಡಿಸಿ.”

ಐಐಎಸ್ ಸಾಮಾನ್ಯವಾಗಿ ಬಳಸುವ ಮಾದರಿಯ ದಿನಚರಿಯಲ್ಲಿ ವೇಳೆಯನ್ನು ಬರೆಯುವುದು ನಮ್ಮ ಗಡಿಯಾರದಂತಲ್ಲ, ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ. 8.50ಕ್ಕೆ 5.30 ಕೂಡಿಸಿದರೆ ಮಧ್ಯಾಹ್ನ 2.20. ಶನಿವಾರ ಅರ್ಧ ದಿನ; ಹುಡುಗಿ ಒಂದೂವರೆಗೆ ಮನೆಗೆ ಹೋಗಿದ್ದಳು, ಹಾಜರಿ ಪುಸ್ತಕದಲ್ಲಿ ಸಹಿಯಿತ್ತು. ಅವಳು ಹೋದ ಐವತ್ತು ನಿಮಿಷದ ನಂತರವೂ ಮುಖಪುಟ ಸುಖವಾಗಿತ್ತು. ಅವಳ ಕೊರಳಿಗೆ ಕಟ್ಟಲು ತಂದ ಕಾಗದವೇ ಅವಳ ಪರವಾಗಿ ಸಾಕ್ಷಿ ನುಡಿಯಿತು. ಹತ್ತನೆಯ ತರಗತಿಯವರೆಗೂ ನನ್ನ ಬಳಿ ಓದಿದ ಹುಡುಗ ಫೋನಿನಲ್ಲಿ ನಗುತ್ತಿದ್ದ. ಭಾರತದ ಶಿಷ್ಟ ವೇಳೆ 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಸೇರಿದ್ದು, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ನನಗೆ ಅದು ಹೊಳೆಯಲಿಲ್ಲ; ನನ್ನಿಂದ ಕಲಿತವನಿಗೆ ಹೊಳೆಯಿತು. ಮೇಷ್ಟ್ರಿಗೆ ಇದಕ್ಕಿಂತ ಸುಖವಾದ ಅವಮಾನ ಬೇರೆ ಇಲ್ಲ.

ಪರಿಹಾರವೆಂದರೆ ಒಂದು ಸಾಲಿನಲ್ಲಿ ಒಂದು ಹೆಸರು ಸೇರಿಸಿ ಅಪಾಚೆಯನ್ನು ಮತ್ತೆ ಓದಿಸಿದ್ದು, ಅಷ್ಟೆ. ಹದಿನಾಲ್ಕು ಕೊಂಡಿಗಳನ್ನು ತಿದ್ದಿದವಳು ಅದೇ ಹುಡುಗಿ, ಅದೇ ಸಂಜೆ.

ಈಗ ಜಗಳಕ್ಕೆ ಬರುತ್ತೇನೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯನ್ನು ನಾವೆಲ್ಲರೂ ನಗುತ್ತ ಹೇಳುತ್ತೇವೆ. ಆದರೆ ನಮ್ಮ ಕಛೇರಿಗಳಲ್ಲಿ ವಿಚಾರಣೆ ಎಂದರೆ ಈ ಗಾದೆಯೇ. ಕೊನೆಗೆ ಮುಟ್ಟಿದವರು ಯಾರು ಎಂದು ಕೇಳುತ್ತಾರೆ, ಆ ಮುಟ್ಟಿದವರಲ್ಲಿಯೂ ಸಂಬಳ ಅತಿ ಕಡಿಮೆ ಇರುವವರು ಯಾರು ಎಂದು ನೋಡುತ್ತಾರೆ, ವಿಚಾರಣೆ ಮುಗಿಯುತ್ತದೆ. ಭಾನುವಾರ ಬೀಗ ತೆಗೆಸಿದ ಕಾರ್ಯದರ್ಶಿಗಳೂ ಮುಟ್ಟಿದವರೇ ಅಲ್ಲವೇ? ಗುತ್ತಿಗೆದಾರರ ಹುಡುಗ ಮುಟ್ಟಲಿಲ್ಲವೇ? ಅವರಿಗೆ ಮೆಮೊ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಅವರ ಹೆಸರು ಯಾರ ತಲೆಗೂ ಬರಲಿಲ್ಲವೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಶಿಸ್ತು ಬೇಡವೇ, ಹೊಣೆಗಾರಿಕೆ ಬೇಡವೇ ಎಂದು ಕೇಳುವವರಿದ್ದೀರಿ. ಸರಿ, ನಿಮ್ಮ ವಾದವನ್ನೇ ಹಿಡಿಯೋಣ. ಅವಳು ನಿಜವಾಗಿಯೂ ಕೈತಪ್ಪಿ ಅಳಿಸಿದ್ದಳೆಂದೇ ಇಟ್ಟುಕೊಳ್ಳಿ. ಆಗಲೂ ನಾನು ಆ ಮೆಮೊವನ್ನು ವಿರೋಧಿಸುತ್ತಿದ್ದೆ. ಒಂದು ಬೆರಳು ತಪ್ಪಿದರೆ ನಾಲ್ಕು ಶಾಲಾಕಾಲೇಜುಗಳ ಮುಖಪುಟ ಮತ್ತೆ ಸಿಗದಂತೆ ಹೋಗುವ ವ್ಯವಸ್ಥೆಯನ್ನು ಕಟ್ಟಿದವರು ಯಾರು? ದಿನದ ಕೊನೆಗೆ ಒಂದು ಪ್ರತಿ ಬೇರೆಡೆ ಇಡಿಸುವುದು ಯಾರ ಕೆಲಸ? ದೊಡ್ಡ ಕಂಪನಿಗಳು ಬಳಸುವ ಶೇರ್‌ಪಾಯಿಂಟ್‌ನ ಅಂತರ್ಜಾಲ ಆವೃತ್ತಿಯಲ್ಲಿ ಅಳಿಸಿದ ಪುಟ 93 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಅಲ್ಲಿಂದ ಎತ್ತಿಕೊಳ್ಳಬಹುದು. ಅಲ್ಲಿಯೂ ಎಷ್ಟೋ ಸಲ ಮುಖಪುಟ ಕಾಣೆಯಾಗುವುದು ಅಳಿಸಿದ್ದರಿಂದಲ್ಲ, ಅನುಮತಿಯಿರುವ ಯಾರೋ ಬೇರೊಂದು ಪುಟವನ್ನು ಮುಖಪುಟವಾಗಿಸಿದ್ದರಿಂದ ಎಂದು ನನ್ನ ಶಿಷ್ಯ ಹೇಳಿದ. ಮನುಷ್ಯರ ಕೈ ತಪ್ಪುತ್ತದೆಂದು ತಿಳಿದೇ ಆ ಬುಟ್ಟಿಯನ್ನು ಇಟ್ಟಿದ್ದಾರೆ. ನಮ್ಮಲ್ಲಿ ಬುಟ್ಟಿಯ ಬದಲು ಮೆಮೊ ಇಟ್ಟಿದ್ದೇವೆ.

ಇನ್ನೊಂದು ಮಾತು. ಆ ಹುಡುಗಿಗೆ ಮೂರು ವರ್ಷದಲ್ಲಿ ಕೊಟ್ಟ ತರಬೇತಿ ಎಂದರೆ ಇಲ್ಲಿ ಒತ್ತು, ಇಲ್ಲಿ ಉಳಿಸು, ಇಷ್ಟೆ. ಮುಖಪುಟ ಎಂದರೇನು, ಅದಕ್ಕೇಕೆ ಆ ಹೆಸರು, ಫೈಲುಗಳು ಎಲ್ಲಿವೆ ಎಂಬುದನ್ನು ಯಾರೂ ಹೇಳಲಿಲ್ಲ. ಅವಳಿಗಿಂತ ಹಿಂದೆ ತಾಣ ಕಟ್ಟಿದವನು ಕೆಲಸ ಬಿಟ್ಟು ಹೋಗುವಾಗ ಒಂದು ಹಾಳೆಯನ್ನೂ ಬರೆದಿಟ್ಟು ಹೋಗಲಿಲ್ಲ, ಬರೆಸಿಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ. ವಿಚಿತ್ರವೆಂದರೆ ಈ ವೆಬ್ ಎಂಬುದು ಹುಟ್ಟಿದ್ದೇ ಇದೇ ರೋಗಕ್ಕೆ ಮದ್ದಾಗಿ. ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಮೇಲಧಿಕಾರಿಗಳಿಗೆ ಕೊಟ್ಟ ಪ್ರಸ್ತಾವದ ಮುಖ್ಯ ಚಿಂತೆ, ಜನ ಎರಡೆರಡು ವರ್ಷಕ್ಕೆ ಬಂದುಹೋಗುವ ಸಂಸ್ಥೆಯಲ್ಲಿ ಅವರೊಡನೆ ತಿಳಿವಳಿಕೆಯೂ ಹೊರಟುಹೋಗುತ್ತದೆ ಎಂಬುದಾಗಿತ್ತು. ಜಗತ್ತನ್ನೆಲ್ಲ ಹಬ್ಬುವ ಮೊದಲು ವೆಬ್ ಒಂದು ಕಛೇರಿಯ ಮರೆವಿಗೆ ಹುಡುಕಿದ ಔಷಧ. ನಾವು ಆ ಔಷಧದ ಸೀಸೆಯನ್ನು ತಂದು, ಅದರ ಬೀಗದ ಕೈಯನ್ನು ಒಬ್ಬ ತಾತ್ಕಾಲಿಕ ನೌಕರಳ ಕೈಗಿತ್ತು, ಸೀಸೆ ಕಾಣದಿದ್ದರೆ ಅವಳನ್ನೇ ಹಿಡಿಯುತ್ತೇವೆ.

ಇಷ್ಟು ಗಟ್ಟಿಯಾಗಿ ಮಾತನಾಡುವ ಹಕ್ಕು ನನಗಿದೆಯೇ ಎಂದು ಎರಡು ರಾತ್ರಿ ಯೋಚಿಸಿದೆ. 1991ರಲ್ಲಿ, ಒಂಬತ್ತನೆಯ ತರಗತಿಯಲ್ಲಿ, ಏಷ್ಯಾ ಖಂಡದ ಭೂಪಟದ ಸುರುಳಿ ಕಾಣೆಯಾಯಿತು. ಹಿಂದಿನ ದಿನ ಅದನ್ನು ಕಛೇರಿಗೆ ಮರಳಿಸಲು ಒಬ್ಬ ಹುಡುಗನ ಕೈಗೆ ಕೊಟ್ಟಿದ್ದೆ. ಕೊಟ್ಟಿದ್ದೇನೆ ಸಾರ್ ಎಂದ. ನಾನು ನಂಬಲಿಲ್ಲ. ಮೂರು ದಿನ ನನ್ನ ಅವಧಿಯಲ್ಲಿ ಬಾಗಿಲ ಹೊರಗೆ ನಿಲ್ಲಿಸಿದೆ. ನಾಲ್ಕನೆಯ ದಿನ ಭೂಪಟ ಹತ್ತನೆಯ ತರಗತಿಯ ಗೋಡೆಯ ಮೇಲೆ ತೂಗುತ್ತಿತ್ತು. ಸಹೋದ್ಯೋಗಿಯೊಬ್ಬರು ಕಛೇರಿಯಿಂದ ಒಯ್ದಿದ್ದರು. ಹುಡುಗನನ್ನು ಒಳಗೆ ಕರೆದು ಕೂರು ಎಂದೆ. ಅಷ್ಟೇ ಹೇಳಿದೆ. ನನ್ನ ತಪ್ಪಾಯಿತು ಎಂಬ ಮಾತು ಇಡೀ ತರಗತಿಯ ಮುಂದೆ ನನ್ನ ಬಾಯಿಂದ ಬರಲಿಲ್ಲ. ಅವನು ಇದನ್ನು ಓದುತ್ತಿರಬಹುದು. ನನ್ನ ತಪ್ಪಾಯಿತಪ್ಪ. ಮೂವತ್ತು ವರ್ಷಕ್ಕೂ ಮಿಕ್ಕಿ ತಡವಾಯಿತು.

ಅದಕ್ಕಾಗಿಯೇ ಕಾರ್ಯದರ್ಶಿಗಳು “ವಿಷಯ ಮುಗಿಯಿತಲ್ಲ ಮೇಷ್ಟ್ರೆ, ಆ ಹುಡುಗಿಗೆ ಇನ್ನು ಉತ್ತರ ಕೊಡುವುದು ಬೇಡ ಎಂದು ಹೇಳಿಬಿಡಿ” ಎಂದಾಗ ನಾನು ಒಪ್ಪಲಿಲ್ಲ. ಬಾಯಿಮಾತಿನಲ್ಲಿ ಮುಗಿಯುವುದಾದರೆ ಬಾಯಿಮಾತಿನಲ್ಲೇ ಆರಂಭಿಸಬೇಕಿತ್ತು. ಮೆಮೊ ಬರಹದಲ್ಲಿದೆ, ಜಾವಕ ಸಂಖ್ಯೆಯಿದೆ, ಅವಳ ಸೇವಾ ಕಡತದಲ್ಲಿ ಕೂತಿದೆ. ಬರುವ ಮಾರ್ಚ್‌ನಲ್ಲಿ ನವೀಕರಣಕ್ಕೆ ಕಡತ ತೆರೆಯುವ ಹೊಸ ಸದಸ್ಯರಿಗೆ ಲಿನಕ್ಸಾಗಲಿ ಐದೂವರೆ ಗಂಟೆಯಾಗಲಿ ತಿಳಿಯುವುದಿಲ್ಲ. ಮುಖಪುಟ ಅಳಿಸಿದವಳು ಎಂಬ ಒಂದು ಸಾಲು ತಿಳಿಯುತ್ತದೆ.

ಮೆಮೊವನ್ನು ಲಿಖಿತವಾಗಿ ಹಿಂಪಡೆಯಬೇಕು, ಕಾರಣವನ್ನೂ ಬರೆಯಬೇಕು ಎಂದು ಅಧ್ಯಕ್ಷರಿಗೆ ಪತ್ರ ಬರೆದೆ. ಜೊತೆಗೆ, ಮುಖಪುಟ ಕಾಣದಿದ್ದರೆ ಏನೇನು ನೋಡಬೇಕೆಂದು ಎರಡು ಪುಟಗಳ ಕನ್ನಡ ಟಿಪ್ಪಣಿಯೊಂದನ್ನು ನಾನೂ ಆ ಹುಡುಗಿಯೂ ಕೂಡಿ ಸಿದ್ಧಪಡಿಸಿ ಲಗತ್ತಿಸಿದೆವು. ಟಿಪ್ಪಣಿಯನ್ನು ಬಹಳ ಮೆಚ್ಚಿಕೊಂಡರಂತೆ; ಪ್ರತಿ ತೆಗೆಸಿ ನಾಲ್ಕೂ ಕಡೆ ಗೋಡೆಗೆ ಅಂಟಿಸಿದ್ದಾರೆ. ಪತ್ರಕ್ಕೆ ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಈ ವಯಸ್ಸಿನಲ್ಲಿ ನಿಮಗೇಕೆ ಇದೆಲ್ಲ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಎರಡನೆಯ ಪತ್ರದ ಕರಡು ಮೇಜಿನ ಮೇಲಿದೆ. ಬುಧವಾರ ನಾನೇ ಒಯ್ದು ಕೊಡುತ್ತೇನೆ.